ಕುಲಸುಂಬಿ ಚಾಚಿಯ ಬರಿಗೈ ನಡಿಗೆ

ನನಗೆ ಸಿಟ್ಟು ಬೇಗ ಬರುತ್ತದೆ. ಜುಗೂಳದ ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ ಬಂದ ಮೊದಲ ವಾರದಲ್ಲೇ ಊರಿಗೆ ಅದು ಗೊತ್ತಾಯಿತು. ಕೋಮಲ ಸಿಸ್ಟರ್ ಸೂಜಿ ತಡಕೋಬಹುದು, ಬಾಯಿ ತಡಕೊಳ್ಳೋದು ಕಷ್ಟ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ದಿನಾ ಐನಾಪುರದಿಂದ ಸ್ಕೂಟಿ ಮೇಲೆ ಬಂದು, ಮನೆಮನೆ ಅಲೆದು, ಬಿಪಿ ನೋಡಿ, ಸಕ್ಕರೆ ನೋಡಿ, ಗುಳಿಗೆ ತಗೊಂಡಿರೇನು ಎಂದು ಕೇಳಿದ್ದನ್ನೇ ಕೇಳುವವಳ ಬಾಯಿ ಮೆತ್ತಗಿದ್ದರೆ ನಡೆಯುವುದಿಲ್ಲ. ಆದರೆ ಈ ಸಲ ನನ್ನ ಸಿಟ್ಟು ಸುತ್ತಿ ಬಳಸಿ ಯಾರ ಮೇಲೆ ಬಂದು ನಿಂತಿತು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಬಸ್ ಸ್ಟ್ಯಾಂಡಿನ ಹತ್ತಿರ ಟೇಲರ್ ಅಂಗಡಿ ಇಟ್ಟಿರುವ ಹುಸೇನಮಿಯಾ ಚಾಚಾ ನಮ್ಮೂರಿನ ಹೃದಯ ತಜ್ಞ. ಮೂರು ವರ್ಷದ ಹಿಂದೆ ಶರ್ಟಿನ ಕಾಲರ್ ಹೊಲಿಯುತ್ತ ಕೂತವರು ಎದೆ ಹಿಡಿದುಕೊಂಡು ಮಷೀನಿನ ಮೇಲೆಯೇ ಬಿದ್ದರು. ಐದು ನಿಮಿಷದಲ್ಲಿ ಜೀಪು ಬಂತು, ಅರ್ಧ ಊರು ಜೀಪಿನ ಹಿಂದೆ ಹೋಯಿತು, ಮಿರಜಿನಲ್ಲಿ ಸ್ಟೆಂಟ್ ಬಿತ್ತು. ಅಂದಿನಿಂದ ಚಾಚಾ ಬಿಳಿ ಬೂಟು ಹಾಕಿಕೊಂಡು ದಿನಾ ಬೆಳಿಗ್ಗೆ ಕೃಷ್ಣಾ ದಂಡೆಯವರೆಗೆ ನಡೆದು ಬರುತ್ತಾರೆ. ಬಂದು ಜ್ಞಾನದೇವನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಯಾವ ಎಣ್ಣೆ ತಿನ್ನಬೇಕು, ಯಾವುದು ಬಿಡಬೇಕು ಎಂದು ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುತ್ತಾರೆ. ನನಗೆ ಚಾಚಾ ಎಂದರೆ ಬಹಳ ಇಷ್ಟ. ಇಂಥ ಪೇಶಂಟ್ ಊರಿಗೆ ಹತ್ತು ಜನ ಇದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು.

ಅವರ ಹೆಂಡತಿ ಕುಲಸುಂಬಿ ಚಾಚಿಗೂ ಹಾರ್ಟ್ ಅಟ್ಯಾಕ್ ಆಗಿತ್ತು ಎಂಬುದು ಮಾತ್ರ, ಮನೆಯವರನ್ನೂ ನನ್ನನ್ನೂ ಬಿಟ್ಟರೆ, ಊರಿಗೆ ಗೊತ್ತೇ ಇರಲಿಲ್ಲ. ಹೋದ ವರ್ಷ ಬಕ್ರೀದ್ ಮುಗಿದ ವಾರ ಅವರಿಗೆ ದವಡೆ, ಬೆನ್ನು ನೋಯತೊಡಗಿ ವಾಂತಿ ಬಂದಂತಾಯಿತು. ಎದೆ ಹಿಡಿದುಕೊಂಡು ಬೀಳಲಿಲ್ಲವಲ್ಲ, ಎಲ್ಲರೂ ಗ್ಯಾಸ್ ಎಂದರು. ಜೀರಿಗೆ ನೀರು, ಸೋಡಾ, ಹಿಂಗು ಎಲ್ಲ ಮುಗಿದು ಎರಡನೇ ದಿನ ಸಂಜೆ ಚಿಕ್ಕೋಡಿಗೆ ಒಯ್ದಾಗ ಇಸಿಜಿ ಬೇರೆಯದನ್ನೇ ತೋರಿಸಿತು. ಐದು ದಿನ ಆಸ್ಪತ್ರೆಯಲ್ಲಿದ್ದು, ಒಂದು ಫೈಲು, ಒಂದು ತಿಂಗಳ ಗುಳಿಗೆ ಹಿಡಿದುಕೊಂಡು ಮನೆಗೆ ಬಂದರು. ನೋಡಲು ಬಂದವರಿಗೆ ತಾವೇ ಎದ್ದು ಚಹಾ ಮಾಡಿ ಕೊಟ್ಟರು. ಗ್ಯಾಸ್ ಆಗಿತ್ತು, ಈಗ ಆರಾಮ ಎಂದು ಹೇಳಿ ಕಳಿಸಿದರು. ಅವರು ಸುಳ್ಳು ಹೇಳುವ ಹೆಂಗಸಲ್ಲ. ಹಾರ್ಟ್ ಎಂದರೆ ಗಂಡಸರ ಜಡ್ಡು, ತಮಗೆ ಆದದ್ದು ಅದಲ್ಲ ಎಂದು ಅವರೇ ನಂಬಿಬಿಟ್ಟಿದ್ದರು.

ಈ ಡಿಸೆಂಬರಿನಲ್ಲಿ ಒಂದು ದಿನ ಬೇಗ ಬಂದವಳು ಮೊದಲು ಅವರ ಮನೆಗೆ ಹೋದೆ. ಚಾಚಾ ನಾಷ್ಟಾಕ್ಕೆ ಕೂತಿದ್ದರು. ತಟ್ಟೆಯಲ್ಲಿ ಬೇಯಿಸಿದ ಎರಡು ಮೊಟ್ಟೆಯ ಬಿಳಿ ಭಾಗ ಮಾತ್ರ ಇತ್ತು.

"ಹಳದಿ ಎಲ್ಲಿ ಹೋತ್ರಿ ಚಾಚಾ?" ಎಂದು ನಗುತ್ತ ಕೇಳಿದೆ.

"ನಾ ಹಳದಿ ಮುಟ್ಟಿ ಮೂರ ವರ್ಷ ಆತ್ರಿ ಸಿಸ್ಟರ್," ಎಂದರು ಚಾಚಾ, ಪದಕ ಗೆದ್ದವರ ದನಿಯಲ್ಲಿ.

ಒಳಗಿಂದ ಸೊಸೆ ಯಾಸ್ಮಿನ ಹೇಳಿದಳು: "ಅದು ನಮ್ಮ ಅತ್ತಿ ಹೊಟ್ಟ್ಯಾಗ ಹೋಗತೈತ್ರಿ. ಮಾವಾರ ಮಟನ್ದಾಗಿನ ಚರಬಿ ತಗದ ಇಡತಾರಲ್ರಿ, ಅದೂ ಅತ್ತೀನ ತಿಂತಾರ. ನಾ ಹೇಳಿ ಹೇಳಿ ಸಾಕಾತು."

ಕುಲಸುಂಬಿ ಚಾಚಿ ಅಡುಗೆಮನೆಯ ಬಾಗಿಲಿಗೆ ಬಂದು ಸೊಸೆಯನ್ನು ಗದರಿಸುವಂತೆ ನೋಡಿದರು. "ಅನ್ನ ಚೆಲ್ಲಬೇಕೇನ ಮತ್ತ? ಅವರಿಗಿ ನಡ್ಯಾಂಗಿಲ್ಲ ಅಂತ ಹೇಳ್ಯಾರ. ನನಗೇನ ಆಗೈತಿ?"

ಅವರಿಗೇನಾಗಿದೆ ಎಂಬ ಕಾಗದ ಆ ಮನೆಯಲ್ಲೇ ಎಲ್ಲೋ ಇತ್ತು. ಫೈಲು ಎಲ್ಲಿ ಎಂದೆ. ಚಾಚಾನ ಫೈಲು ಗೋಡೆಯ ಮೊಳೆಗೆ ನೇತುಹಾಕಿದ್ದರು, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ. ಚಾಚಿಯದು ಟ್ರಂಕಿನ ತಳದಲ್ಲಿ, ಚಳಿಗಾಲದ ರಜಾಯಿ ಕೆಳಗೆ ಸಿಕ್ಕಿತು. ಗುಳಿಗೆ ಎಲ್ಲಿ ಎಂದೆ. ಮೊದಲ ತಿಂಗಳದ್ದು ಮುಗಿದ ಮೇಲೆ ಆರಾಮ ಅನಿಸಿತಂತೆ, ಮತ್ತೆ ತರಿಸಲಿಲ್ಲವಂತೆ. ತೀರಾ ಹೈರಾಣ ಅನಿಸಿದ ದಿನ ಗಂಡನ ಡಬ್ಬಿಯಿಂದ ಒಂದು ಗುಳಿಗೆ ತೆಗೆದುಕೊಳ್ಳುತ್ತಿದ್ದರಂತೆ. ಯಾವುದು ಎಂದು ಕೇಳಿದರೆ, "ಕೆಂಪಂದು ಚಂದ ಕಾಣತೈತ್ರಿ, ಅದು," ಎಂದರು.

ಅವರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದೆ. ಮೇಲಿನದು ನೂರಾ ಎಂಬತ್ತರ ಹತ್ತಿರ ಇತ್ತು. ಎರಡನೇ ಸಲ ನೋಡಿದೆ, ಅಷ್ಟೇ ಇತ್ತು.

ನನ್ನ ಬಾಯಿ ಶುರುವಾಯಿತು. ಚಾಚಾನಿಗೆ ಅಂದೆ, ಚಾಚಿಗೆ ಅಂದೆ, ಪಾಪದ ಯಾಸ್ಮಿನಳನ್ನೂ ಬಿಡಲಿಲ್ಲ. ಒಮ್ಮೆ ಅಟ್ಯಾಕ್ ಆದ ಹೃದಯಕ್ಕೆ ಗುಳಿಗೆ ತಪ್ಪಿಸಿ, ಎರಡು ಆಳಿನ ಕೊಬ್ಬು ತಿನ್ನಿಸಿದರೆ ಎರಡನೇ ಅಟ್ಯಾಕಿಗೆ ನಾವೇ ಕರೆ ಕಳಿಸಿದ ಹಾಗೆ, ಅದು ಬಂದರೆ ಚಾಚಿ ಉಳಿಯುವುದು ಕಷ್ಟ ಎಂದು ಬಿಚ್ಚಿ ಹೇಳಿದೆ. ಚಾಚಾನ ಮುಖ ಸಣ್ಣದಾಯಿತು. "ನಾ ಆಕೀಗಿ ಬ್ಯಾಡ ಅಂದಿಲ್ರಿ ಸಿಸ್ಟರ್. ಖರೇ ಹೇಳತೇನಿ, ನನಗ ಗೊತ್ತ ಆಗಲಿಲ್ಲ," ಎಂದರು.

ಹೊರಗೆ ಬಂದು ಸ್ಕೂಟಿಯ ಮೇಲೆ ಕೂತಾಗ ಫೋನಿನಲ್ಲಿ ಅವರ ಮನೆಯ ಹೆಸರು ತೆಗೆದು ನೋಡಿದೆ. ಪ್ರತಿ ತಿಂಗಳೂ ಚಾಚಾನ ಬಿಪಿ, ಸಕ್ಕರೆ, ತೂಕ ಎಲ್ಲ ಬರೆದಿದ್ದೆ. ಚಾಚಿಯ ಹೆಸರಿನ ಮುಂದೆ 'ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ' ಎಂದು ಒಂದು ತಿಂಗಳೂ ಬಿಡದೆ ಗುರುತು ಹಾಕಿದ್ದು ನಾನೇ. ಆರಾಮ ಅದೀರಿ ಚಾಚಿ ಎಂದು ಕೇಳಿದ್ದೆ, ಆರಾಮ ಎಂದಿದ್ದರು, ಅವರು ಮಾಡಿದ ಚಹಾ ಕುಡಿದು ಗುರುತು ಹಾಕಿ ಎದ್ದು ಬಂದಿದ್ದೆ. ಮನೆಯವರಿಗೆಲ್ಲ ಬೈದು ಬಂದ ನನ್ನನ್ನು ಬೈಯುವವರು ಅಲ್ಲಿ ಯಾರೂ ಇರಲಿಲ್ಲ. ಆ ಕೆಲಸವನ್ನೂ ನಾನೇ ಮಾಡಿಕೊಂಡೆ. ಬಹಳ ನಾಚಿಕೆಯಾಯಿತು.

ಚಾಚಾನ ಮೂರು ತಿಂಗಳ ತಪಾಸಣೆ ಮುಂದಿನ ಗುರುವಾರ ಇತ್ತು. ಗುರುವಾರಕ್ಕೊಮ್ಮೆ ಬೆಳಗಾವಿಯಿಂದ ಚಿಕ್ಕೋಡಿಗೆ ಬರುವ ಹಾರ್ಟ್ ಡಾಕ್ಟರ್ ಹತ್ತಿರ ಇಬ್ಬರನ್ನೂ ಕರೆದುಕೊಂಡು ನಾನೇ ಹೊರಟೆ. ರಜೆ ಹಾಕಿದ್ದೆ, ಯಾರ ಮುಲಾಜೂ ಇರಲಿಲ್ಲ.

ಒಳಗೆ ಹೋದ ತಕ್ಷಣ ಚಾಚಾ ಅಭ್ಯಾಸದಂತೆ ಪೇಶಂಟಿನ ಸ್ಟೂಲಿನ ಮೇಲೆ ಕೂತರು. ಚಾಚಿ ಫೈಲು ಹಿಡಿದು ಬೆನ್ನ ಹಿಂದೆ ನಿಂತರು. ಡಾಕ್ಟರು ಗುಳಿಗೆ ಬಗ್ಗೆ ಕೇಳುತ್ತಿದ್ದಂತೆ ಚಾಚಿ ಹಿಂದಿನಿಂದಲೇ ಶುರು ಮಾಡಿದರು. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಎರಡು, ಅವುಗಳ ಹೆಸರು, ಎಷ್ಟು ಪವರು, ಯಾವುದು ಊಟದ ಮೊದಲು, ಯಾವುದು ಆಮೇಲೆ. ಉದ್ದುದ್ದ ಇಂಗ್ಲಿಷ್ ಹೆಸರುಗಳು ಒಂದೂ ತಪ್ಪಲಿಲ್ಲ. ಚಾಚಿ ಓದಿದ್ದು ಉರ್ದು ಶಾಲೆಯ ಮೂರನೇ ಇಯತ್ತೆಯವರೆಗೆ ಮಾತ್ರ. ಡಾಕ್ಟರು ತಲೆ ಆಡಿಸಿ, ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದರು.

"ಹಂಗಾರ ಈಗ ಆ ಹೆಂಡತೀನ ನೋಡ್ರಿ ಸರ್," ಎಂದೆ. ಚಾಚಾನನ್ನು ಎಬ್ಬಿಸಿ ಚಾಚಿಯನ್ನು ಕೂರಿಸಿ, ರಜಾಯಿ ಕೆಳಗೆ ಸಿಕ್ಕಿದ ಫೈಲನ್ನು ಮೇಜಿನ ಮೇಲಿಟ್ಟೆ.

ಡಾಕ್ಟರು ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಚಾಚಾನ ಜೊತೆ ಬಂದು ಇದೇ ಕೋಣೆಯಲ್ಲಿ ಎಷ್ಟೋ ಸಲ ನಿಂತು ಹೋದ ಹೆಂಗಸು ಇವರು. ಆಮೇಲೆ ಚಾಚಿಯನ್ನೇ ನೇರವಾಗಿ ಕೇಳಿದರು: "ಅಮ್ಮಾ, ದಮ್ಮು ಯಾವಾಗ ಹತ್ತತದ? ರಾತ್ರಿ ನಿದ್ದಿ ಬರತದೇನು?"

ಚಾಚಿ ಉತ್ತರಕ್ಕಾಗಿ ಗಂಡನ ಕಡೆ ತಿರುಗಿ ನೋಡಿದರು. ಅದು ಚಾಚಾನಿಗೂ ಗೊತ್ತಿರಲಿಲ್ಲ. ಬಿಳಿ ಬೂಟಿನ ತುದಿ ನೋಡುತ್ತ ನಿಂತುಬಿಟ್ಟರು. ಅವರನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. ಅವರು ಕೆಟ್ಟ ಗಂಡ ಅಲ್ಲ. ಅವರಿಗೆ ಯಾರೂ ಆ ಪ್ರಶ್ನೆಯನ್ನು ಇಷ್ಟು ವರ್ಷ ಕೇಳಿರಲಿಲ್ಲ, ಅಷ್ಟೇ.

ಇಸಿಜಿ ಆಯಿತು, ಎಕೋ ಆಯಿತು. ಹೃದಯ ರಕ್ತ ತಳ್ಳುವ ಶಕ್ತಿ ಸ್ವಲ್ಪ ಕಡಿಮೆಯಾಗಿದೆ, ಈಗಲಾದರೂ ಬಂದಿರಲ್ಲ, ಗುಳಿಗೆ ತಪ್ಪಿಸದೆ ಹದಿನೈದು ದಿನ ತೆಗೆದುಕೊಂಡು ಬಿಪಿ ಇಳಿದ ಮೇಲೆ ದಿನಾ ಅರ್ಧ ತಾಸು ನಡೆಯಬೇಕು ಎಂದರು ಡಾಕ್ಟರು. ಚಾಚಿ ನಕ್ಕರು. "ದಿನಪೂರ್ತಿ ಮನ್ಯಾಗ ನಡದ ನಡದ ಕಾಲ ಸವದಾವ್ರಿ."

"ಅದು ಕೆಲಸ ಅಮ್ಮಾ. ನಾ ಹೇಳೂದು ನಡಿಗಿ. ಎರಡೂ ಬ್ಯಾರೆ."

ಮರುದಿನ ಚಾಚಾ ಅಂಗಡಿ ಬಾಗಿಲು ಅರ್ಧ ಮುಚ್ಚಿಕೊಂಡು ಏನೋ ಹೊಲಿಯುತ್ತಿದ್ದರು. ಸಂಜೆ ಹೋಗಿ ನೋಡಿದರೆ, ಗಿರಾಕಿಗಳ ಶರ್ಟಿನಿಂದ ಉಳಿದ ತುಂಡು ಬಟ್ಟೆಗಳಲ್ಲಿ ಗೋಡೆಗೆ ತೂಗುಹಾಕುವ ಒಂದು ಚೀಲ. ವಾರದ ಏಳು ದಿನಕ್ಕೆ ಏಳು ಬಣ್ಣದ ಸಾಲು, ಒಂದೊಂದು ಸಾಲಿಗೆ ಹೊತ್ತಿಗೊಂದರಂತೆ ಮೂರು ಜೇಬು, ಪ್ರತಿ ಜೇಬಿಗೂ ಗುಂಡಿ. ಶುಕ್ರವಾರದ್ದು ಮಾತ್ರ ಹಸಿರು ರೇಶಿಮೆ. "ಇದು ಬರೇ ಆಕೀದ್ರಿ. ನಂದು ಹಳೇ ಡಬ್ಬ್ಯಾಗ ಇರಲಿ," ಎಂದರು. ಗುಳಿಗೆ ಹೆಸರುಗಳನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಹಳದಿ ಭಾಗ ಅಂದಿನಿಂದ ಯಾಸ್ಮಿನಳ ಕೋಳಿಮರಿಗಳಿಗೆ ಹೋಯಿತು. ಹದಿನೈದು ದಿನಕ್ಕೆ ಬಿಪಿ ನೂರಾ ನಲವತ್ತಕ್ಕೆ ಇಳಿಯಿತು.

ನಡಿಗೆಯದೇ ಫಜೀತಿಯಾಯಿತು.

ಗಂಡಸು ಬೆಳಿಗ್ಗೆ ಬರಿಗೈ ಬೀಸುತ್ತ ಹೊರಟರೆ ಅದು ವಾಕಿಂಗ್. ನಮ್ಮ ಕಡೆ ಹೆಂಗಸು ರಸ್ತೆಯಲ್ಲಿ ಕಂಡರೆ ಎಲ್ಲಿ ಹೊಂಟಿ ಎಂದು ಕೇಳಬೇಕು, ಅವಳು ಉತ್ತರ ಕೊಡಬೇಕು. ಕೇಳುವವರಲ್ಲಿ ಕೆಟ್ಟದ್ದೇನೂ ಇಲ್ಲ, ಅದು ನಮ್ಮ ನಮಸ್ಕಾರ. ಆದರೆ ಉತ್ತರಕ್ಕೊಂದು ಊರಾದರೂ ಬೇಕು, ಹಿಟ್ಟಿನ ಗಿರಣಿಯಾದರೂ ಬೇಕು. ಸುಮ್ಮನೆ ಹೊಂಟೇನಿ ಎಂದು ಹೇಳಿದ ಹೆಂಗಸನ್ನು ಜುಗೂಳ ಇನ್ನೂ ಕಂಡಿರಲಿಲ್ಲ. ನನ್ನ ಜೊತೆ ಬಾ ಎಂದು ಚಾಚಾ ಕರೆದರೆ ಚಾಚಿ ಕೆಂಪಾದರು. ಈ ವಯಸ್ಸಿನಲ್ಲಿ ಗಂಡನ ಜೋಡಿ ನದಿ ದಂಡೆಗೆ ತಿರುಗಾಡಲು ಹೋದರೆ ಊರೇನು ಅಂದೀತು ಎಂದು ಕದ ಹಾಕಿಕೊಂಡರು.

ಕೊನೆಗೆ ತಾವೇ ಒಂದು ದಾರಿ ಕಂಡುಕೊಂಡರು. ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು ಹೊರಟರು. ಪಕ್ಕದ ಮನೆಯ ಸಕ್ಕುಬಾಯಿ ಅಂಗಳ ಗುಡಿಸುತ್ತಿದ್ದಳು. ಅವಳಿಗೆ ಮೂರೆಕರೆ ಕಬ್ಬಿದೆ, ಗಂಡ ವಿರುಪಾಕ್ಷಪ್ಪ ನೀರು ಬಿಡಲು ಹೋದರೆ ಉಳಿದ ಕೆಲಸವೆಲ್ಲ ಅವಳ ತಲೆ ಮೇಲೆ.

"ಎಲ್ಲಿ ಹೊಂಟೀರಿ ಭಾಬಿ?"

"ಗಿರಣಿಗಿ ವೈನಿ."

"ಹಂಗಾರ ನಮ್ಮ ಜ್ವಾಳದ ಡಬ್ಬಿನೂ ಒಯ್ದ ಇಟ್ಟ ಬರ್ರಿ."

ಇಲ್ಲ ಎನ್ನಲು ಚಾಚಿಗೆ ಕಾರಣ ಇರಲಿಲ್ಲ. ಗಿರಣಿಗೆ ಹೋಗುತ್ತಿದ್ದೇನೆ ಎಂದವರು ಅವರೇ. ಮರುದಿನ ಅಂಗಡಿಗೆ ಎಂದರು. ಎರಡು ಮನೆಯವರು ಬೆಲ್ಲ, ಎಣ್ಣೆ ತರಲು ಹೇಳಿದರು. ವಾರದೊಳಗೆ ಕುಲಸುಂಬಿ ಬೆಳಿಗ್ಗೆ ಪೇಟೆ ಕಡೆ ಹೋಗುತ್ತಾಳೆ ಎಂಬುದು ಓಣಿಗೆಲ್ಲ ಗೊತ್ತಾಗಿ, ಬಾಗಿಲು ಬಾಗಿಲಿಗೆ ಚೀಲಗಳು ಕಾಯತೊಡಗಿದವು. ಹೃದಯ ಹಗುರಾಗಲಿ ಎಂದು ಡಾಕ್ಟರು ಹೇಳಿದ ಅರ್ಧ ತಾಸಿನಲ್ಲಿ ನಮ್ಮ ಚಾಚಿ ಅರ್ಧ ಓಣಿಯ ಸಂತೆ ಹೊರುತ್ತಿದ್ದರು. ಎಷ್ಟು ಚಂದ ನಡೆಯುತ್ತಿದ್ದಾರೆ ಎಂದು ಚಾಚಾ ಬೆಂಚಿನ ಮೇಲೆ ಕೂತು ಹೆಮ್ಮೆಪಟ್ಟರು. ನಾನೂ ಪಟ್ಟೆ. ಚೀಲದೊಳಗೆ ಏನಿದೆ ಎಂದು ಇಣುಕುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಹತ್ತನೇ ದಿನ ನಾನು ಊರೊಳಗೆ ಬರುವಾಗ ಚಾಚಿ ಗಿರಣಿಯ ಕಟ್ಟೆ ಮೇಲೆ ಕೂತಿದ್ದರು. ಪಕ್ಕದಲ್ಲಿ ಹಿಟ್ಟಿನ ದೊಡ್ಡ ಡಬ್ಬಿ. ಚಳಿಯಲ್ಲೂ ಮುಖ ಬೆವತಿತ್ತು, ಒಂದು ಕೈ ದವಡೆಯ ಮೇಲಿತ್ತು. ಸ್ಕೂಟಿ ಸ್ಟ್ಯಾಂಡ್ ಹಾಕಿದೆನೋ ಬೀಳಿಸಿದೆನೋ ಈಗ ನೆನಪಿಲ್ಲ. ಡಾಕ್ಟರು ಬರೆದುಕೊಟ್ಟ, ನಾಲಿಗೆ ಕೆಳಗೆ ಇಡುವ ಗುಳಿಗೆ ಚಾಚಿಯ ಸೆರಗಿನ ಗಂಟಿನಲ್ಲೇ ಇತ್ತು. ಅದನ್ನು ಕೊಟ್ಟು, ಚಿಕ್ಕೋಡಿಗೆ ಫೋನ್ ಮಾಡಿ, ಅವರ ಕೈ ಹಿಡಿದು ಕೂತೆ. ಚಾಚಿ ಸತ್ತರೆ ಏನು ಮಾಡಲಿ ಎಂದು ಜೀವ ಬಾಯಿಗೆ ಬಂದಿತ್ತು.

ಐದು ನಿಮಿಷಕ್ಕೆ ನೋವು ಇಳಿಯಿತು. ಅಷ್ಟರಲ್ಲಿ ಚಾಚಾ ಓಡಿ ಬಂದರು. ಅವರ ಹಿಂದೆಯೇ ಸಕ್ಕುಬಾಯಿ, ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಬಂದಳು. ಡಬ್ಬಿ ಅವಳದೇ.

"ಭಾರ ಹೊರಬಾರದ ಅಂತ ಒಂದ ಮಾತ ಹೇಳಬಾರದೇನ ಭಾಬಿ," ಎಂದು ಅಳತೊಡಗಿದಳು. "ಗ್ಯಾಸ್ ಆಗಿತ್ತ ಅಂದಿದ್ರಿ ನೀವು."

"ಹಾರ್ಟ್ ಅಂದಿದ್ರ ನೀ ಡಬ್ಬಿ ಕೊಡತಿದ್ದಿಲ್ಲ," ಎಂದರು ಚಾಚಿ, ಕಣ್ಣು ಮುಚ್ಚಿಕೊಂಡೇ. "ಡಬ್ಬಿ ಇಲ್ದ ನಾ ಎಲ್ಲಿ ಹೋಗಲಿ?"

ಆ ದಿನವೇ ಚಿಕ್ಕೋಡಿಗೆ ಹೋಗಿ ಬಂದೆವು. ಹೊಸ ಅಟ್ಯಾಕ್ ಆಗಿರಲಿಲ್ಲ. ಡಾಕ್ಟರು ಒಂದು ಗುಳಿಗೆ ಹೆಚ್ಚಿಸಿದರು, ಹತ್ತು ದಿನ ಬಿಟ್ಟು ನಿಧಾನವಾಗಿ ಮತ್ತೆ ಶುರು ಮಾಡಿ, ಕೈಯಲ್ಲಿ ಏನೂ ಇರಬಾರದು, ಒಂದು ಕೊತ್ತಂಬರಿ ಸೂಡೂ ಇರಬಾರದು ಎಂದರು. ಚಾಚಾ ಆ ಹತ್ತು ದಿನ ಹೆಂಡತಿಗಾಗಿ ಉತ್ತರಗಳನ್ನು ಹೊಲಿಯುತ್ತ ಕೂತರು. ದರ್ಗಾಕ್ಕೆ ಹೊಂಟೇನಿ ಅನ್ನು, ಕಳೆದ ಮೇಕೆ ಹುಡುಕಾಕತ್ತೇನಿ ಅನ್ನು, ಫೋನಿಗೆ ರೇಂಜ್ ಸಿಗವಲ್ದು ಅನ್ನು. ಚಾಚಿ ಎಲ್ಲ ಕೇಳಿಸಿಕೊಂಡರು. ದಿನಾ ಒಂದೊಂದು ಮೇಕೆ ಎಲ್ಲಿಂದ ಕಳೆಯಲಿ ಎಂದು ಕೇಳಿದರು.

ಹನ್ನೊಂದನೇ ದಿನ ಬೆಳಿಗ್ಗೆ ನಾನು ಜ್ಞಾನದೇವನ ಚಹಾದಂಗಡಿ ಮುಂದೆ ಬೇಕೆಂದೇ ಬಂದು ನಿಂತೆ. ಬೆಂಚಿನ ತುಂಬ ಗಂಡಸರು, ನಡುವೆ ಚಾಚಾ. ಚಾಚಿ ಓಣಿಯಿಂದ ಹೊರಬಿದ್ದರು. ಚೀಲ ಇರಲಿಲ್ಲ. ಬರಿಗೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೆರಗಿನೊಳಗೆ ಇಟ್ಟರು, ಒಮ್ಮೆ ಹೊರಗೆ ತೆಗೆದರು.

"ಎಲ್ಲಿ ಹೊಂಟೀರಿ ಚಾಚಿ?" ಜ್ಞಾನದೇವ ಹಾಲಿನ ಪಾತ್ರೆಯಿಂದ ತಲೆ ಎತ್ತದೆಯೇ ಕೇಳಿದ.

ಚಾಚಾ ಬಾಯಿ ತೆರೆದರು. ನಾನು ಅವರತ್ತ ಕಣ್ಣು ಕೆಕ್ಕರಿಸಿದೆ. ಅವರು ಬಾಯಿ ಮುಚ್ಚಿದರು.

ಚಾಚಿ ನಿಂತರು. "ಎಲ್ಲಿಗೂ ಇಲ್ಲಪಾ," ಎಂದರು. ಅವರ ದನಿ ಸಣ್ಣಗಿತ್ತು, ಆದರೆ ಬೆಂಚಿನ ಮೇಲಿದ್ದ ಎಲ್ಲರಿಗೂ ಕೇಳಿಸಿತು. "ಹೋದ ವರ್ಷ ನನಗ ಹಾರ್ಟ್ ಅಟ್ಯಾಕ್ ಆಗಿತ್ತು. ಇನ್ನೊಂದ ಸಲ ಆಗಬಾರದಂದ್ರ ನಡೀಬೇಕಂತ. ಅದಕ್ಕ ನಡ್ಯಾಕತ್ತೇನಿ. ನನ್ನ ಸಲುವಾಗಿ."

ಜ್ಞಾನದೇವ ಈಗ ತಲೆ ಎತ್ತಿದ. ಹಾಲು ಉಕ್ಕಿ ಒಲೆಗೆ ಬಿತ್ತು. "ಹಂಗಾರ ನಡೀರಿ ಚಾಚಿ," ಎಂದ, "ಇಲ್ಲಿ ನಿಂದರಬ್ಯಾಡ್ರಿ ಮತ್ತ."

ಯಾರೂ ನಗಲಿಲ್ಲ. ಚಾಚಾ ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಚಾಚಿ ಹೊರಟೇ ಬಿಟ್ಟರು. ಹತ್ತು ಹೆಜ್ಜೆ ಆದ ಮೇಲೆ ಕೈಗಳು ತಾವಾಗಿಯೇ ಬೀಸತೊಡಗಿದವು.

ಸ್ಕೂಟಿ ಅಲ್ಲೇ ಬಿಟ್ಟು ನಾನೂ ಚಾಚಿಯ ಜೊತೆ ನಡೆದೆ. ನದಿಯ ಕಡೆಯ ತಿರುವಿನಲ್ಲಿ ಹಿಂದಿನಿಂದ ಯಾರೋ ಕೂಗಿದರು. ಸಕ್ಕುಬಾಯಿ. ಸೀರೆಯ ನಿರಿಗೆ ಎತ್ತಿ ಹಿಡಿದು ಬರುತ್ತಿದ್ದವಳು ಕಬ್ಬಿನ ಬದುವಿನ ಹತ್ತಿರ ನಿಂತು ಉಸಿರು ತೆಗೆದುಕೊಂಡಳು. ನಾನೂ ಚಾಚಿಯೂ ಕಾಯ್ದೆವು. ಹತ್ತಿರ ಬಂದವಳು ನನ್ನ ಮುಖ ನೋಡಲಿಲ್ಲ, ಚಾಚಿಯ ಮುಖವನ್ನೇ ನೋಡಿದಳು.

"ಭಾಬಿ, ಬುಟ್ಟಿ ಎತ್ತೂವಾಗ ನನಗೂ ಇಲ್ಲಿ ಹಿಡದಂಗ ಆಗತೈತಿ," ಎಂದು ಎಡಭುಜದಿಂದ ದವಡೆಯವರೆಗೆ ಬೆರಳು ಎಳೆದಳು. "ಎರಡ ವರ್ಷ ಆತು. ಮನ್ಯಾಗ ಯಾರಿಗೂ ಹೇಳಿಲ್ಲ."

ಚಾಚಿ ಅವಳ ಕೈ ಹಿಡಿದುಕೊಂಡರು. "ಗುರುವಾರ ಚಿಕ್ಕೋಡಿಗಿ ಹೋಗೂನು," ಎಂದರು.

ಗುರುವಾರ ಕಬ್ಬು ಕಡಿಯುವವರು ಬರುತ್ತಾರೆ, ಅವರಿಗೆ ರೊಟ್ಟಿ ಬಡಿಯಬೇಕು, ಎಮ್ಮೆ ಇಂದೋ ನಾಳೆಯೋ ಈಯುತ್ತದೆ ಎಂದು ಸಕ್ಕುಬಾಯಿ ಶುರು ಮಾಡಿದಳು. ಚಾಚಿ ಅವಳ ಕೈ ಬಿಡಲೂ ಇಲ್ಲ, ಆ ಪಟ್ಟಿಗೆ ಕಿವಿ ಕೊಡಲೂ ಇಲ್ಲ.